ಸ್ಟಾಕ್ ಚಿತ್ರದ ಪರವಾನಗಿ ಯಾರ ಹೆಸರಿನಲ್ಲಿರಬೇಕು?

ಮಾಲತಿ: ಗ್ರಾಹಕರ ಕೆಲಸಕ್ಕೆ ಬೇಕಾದ ಸ್ಟಾಕ್ ಚಿತ್ರಗಳನ್ನು, ಅಂದರೆ ಮೊದಲೇ ತೆಗೆದಿಟ್ಟು ಬಳಕೆಯ ಪರವಾನಗಿಯೊಂದಿಗೆ ತಾಣಗಳು ಮಾರುವ ಚಿತ್ರಗಳನ್ನು, ನಮ್ಮಂಥ ವಿನ್ಯಾಸಕರು ತಮ್ಮ ಚಂದಾದಿಂದಲೇ ಇಳಿಸಿಕೊಂಡು, ಅದರ ವೆಚ್ಚವನ್ನು ವಿನ್ಯಾಸದ ಶುಲ್ಕದೊಳಗೆ ಸೇರಿಸಿಬಿಡುವುದು ಸರಿಯಲ್ಲವೆಂದು ನಾನು ಭಾವಿಸುತ್ತೇನೆ. ವಾಟರ್‌ಮಾರ್ಕ್ (ಮಾರುವ ತಾಣದ ಗುರುತು) ಇರುವ ಪ್ರತಿಯನ್ನಿಟ್ಟು ಕರಡು ತೋರಿಸೋಣ. ಒಪ್ಪಿಗೆಯಾದ ಮೇಲೆ ಗ್ರಾಹಕರೇ ತಮ್ಮ ಖಾತೆಯಲ್ಲಿ ಚಿತ್ರವನ್ನು ಕೊಳ್ಳಲಿ.

ಶ್ರೀಧರ: ಮಾಲತಿಯವರೇ, ಹತ್ತಾರು ಚಿತ್ರಗಳು ಬೇಕಾಗುವ ಕೈಪಿಡಿಗೆ ಗ್ರಾಹಕರು ಒಂದೊಂದನ್ನೂ ಬಿಡಿಯಾಗಿ ಕೊಂಡರೆ, ಚಂದಾದಲ್ಲಿ ಆಗುವುದಕ್ಕಿಂತ ಖರ್ಚು ಬಹಳ ಹೆಚ್ಚಾಗುತ್ತದೆ. ಹಿಂದೆ ಚಿತ್ರದ ಅಳತೆ, ಅವಧಿ, ಪ್ರದೇಶ ಇವನ್ನೆಲ್ಲ ಲೆಕ್ಕ ಹಾಕಿ ಪ್ರತಿ ಬಳಕೆಗೂ ಬೇರೆ ಬೆಲೆ ಕಟ್ಟುವ ಪದ್ಧತಿ ಪ್ರಬಲವಾಗಿತ್ತು. 2000ದಲ್ಲಿ ಐಸ್ಟಾಕ್‌ಫೋಟೊ, 2003ರಲ್ಲಿ ಷಟರ್‌ಸ್ಟಾಕ್ ತಾಣಗಳು ಬಂದ ಮೇಲೆ ರಾಯಲ್ಟಿ-ಫ್ರೀ ಚಿತ್ರಗಳು, ಅಂದರೆ ಒಮ್ಮೆ ಹಣ ಕೊಟ್ಟು ಷರತ್ತಿನೊಳಗೆ ಮತ್ತೆ ಮತ್ತೆ ಬಳಸಬಹುದಾದವು, ಅಗ್ಗವಾದವು. ಈ ಅನುಕೂಲವನ್ನು ಚಿಕ್ಕ ಗ್ರಾಹಕರಿಗೆ ತಲುಪಿಸುವವರು ನಾವೇ. ಗ್ರಾಹಕರ ಪರವಾಗಿ ಕೊಳ್ಳುವುದಕ್ಕೆ ಅಡೋಬ್ ಸ್ಟಾಕ್ ಎಂಬ ತಾಣದ ನಿಯಮದಲ್ಲೂ ಅವಕಾಶವಿದೆ.

ಮಾಲತಿ: ಅವಕಾಶವಿದೆ, ಷರತ್ತೂ ಇದೆ. ಒಬ್ಬರಿಗೆಂದು ಕೊಂಡು ವರ್ಗಾಯಿಸಿದ ಚಿತ್ರವನ್ನು ಇನ್ನೊಬ್ಬರಿಗೆ ಬಳಸಬೇಕಾದರೆ ಮತ್ತೆ ಪರವಾನಗಿ ಪಡೆಯಬೇಕು. ಅಲ್ಲಿನ ಸಾಮಾನ್ಯ ಪರವಾನಗಿಯಲ್ಲಿ ಮುದ್ರಣಕ್ಕೆ 5,00,000 ಪ್ರತಿಗಳ ಮಿತಿಯಿದೆ. ಚಿತ್ರವೇ ಮುಖ್ಯ ಆಕರ್ಷಣೆಯಾಗಿರುವ ಟೀ-ಶರ್ಟ್ ಅಥವಾ ಲೋಟವನ್ನು ಮಾರುವುದಾದರೆ ಅದಕ್ಕಿಂತ ಹೆಚ್ಚಿನ ಬಳಕೆಗೆ ಅನುಮತಿಸುವ ವಿಸ್ತೃತ ಪರವಾನಗಿ ಬೇಕು. ನಮ್ಮ ಕೆಲಸ ಮುಗಿದು ಎಷ್ಟೋ ಕಾಲದ ಮೇಲೆ ಗ್ರಾಹಕರು ಅದೇ ಚಿತ್ರವನ್ನು ಲೋಟದ ಮೇಲೆ ಅಚ್ಚು ಹಾಕಿಸಿದರೆ, ಷರತ್ತನ್ನು ಓದದ ಅವರಿಗೆ ಅದು ತಪ್ಪೆಂದೇ ತಿಳಿಯುವುದಿಲ್ಲ. ನನ್ನ ಆತಂಕವೆಲ್ಲ ಇಲ್ಲಿದೆ.

ಇಮ್ತಿಯಾಜ್: ಉಚಿತ ತಾಣಗಳನ್ನು ನಂಬುವವರಿಗೂ ಒಂದು ಮಾತು. 2013ರಲ್ಲಿ ಆರಂಭವಾದ ಅನ್‌ಸ್ಪ್ಲಾಶ್ 2017ರಲ್ಲಿ ಸಿಸಿ-ಝೀರೊವನ್ನು (ಹಕ್ಕುಗಳನ್ನೆಲ್ಲ ಬಿಟ್ಟುಕೊಡುವ ಘೋಷಣೆ) ಬಿಟ್ಟು ತನ್ನದೇ ಪರವಾನಗಿಯನ್ನು ತಂದಿತು. ವಾಣಿಜ್ಯ ಬಳಕೆಗೆ ಅದರಲ್ಲಿ ಅನುಮತಿಯಿದ್ದರೂ, ಚಿತ್ರದಲ್ಲಿರುವ ವ್ಯಕ್ತಿ ಜಾಹೀರಾತಿಗೆ ಒಪ್ಪಿದ್ದಾರೆಂಬ ಖಾತರಿಯಿಲ್ಲ. ಮಾಡೆಲ್ ರಿಲೀಸ್ (ಚಿತ್ರದಲ್ಲಿರುವವರ ಲಿಖಿತ ಒಪ್ಪಿಗೆ) ಇಲ್ಲದ ಮುಖವನ್ನು ಔಷಧದ ಜಾಹೀರಾತಿಗೆ ಹಾಕುವುದು, ಹಣ ಕೊಟ್ಟಿರಲಿ ಬಿಡಲಿ, ಆ ವ್ಯಕ್ತಿಗೆ ಮಾಡುವ ಅನ್ಯಾಯ.

ಶಾರದಾ: ಲಾಂಛನದ ವಿಷಯದಲ್ಲಂತೂ ಚರ್ಚೆಗೆ ಎಡೆಯೇ ಇಲ್ಲ: ಸ್ಟಾಕ್ ಚಿತ್ರವನ್ನು ಟ್ರೇಡ್‌ಮಾರ್ಕ್ ಆಗಿಸಲು ಈ ಪರವಾನಗಿಗಳು ಬಿಡುವುದಿಲ್ಲ. ಲಾಂಛನವಲ್ಲದಿದ್ದರೂ, ಸಂಸ್ಥೆಯ ಗುರುತಾಗಬೇಕಾದ ಮುಖಚಿತ್ರಕ್ಕೆ ಸ್ಟಾಕ್ ಸಲ್ಲದು. ಸ್ಟಾಕ್ ಚಿತ್ರ ಬಳಸಿದ್ದರಿಂದಲೇ 2004ರಲ್ಲಿ ಪ್ರತಿಸ್ಪರ್ಧಿಗಳಾದ ಡೆಲ್ ಮತ್ತು ಗೇಟ್‌ವೇ ಕಂಪ್ಯೂಟರ್ ಕಂಪನಿಗಳೆರಡರ ಜಾಹೀರಾತಿನಲ್ಲೂ ಒಬ್ಬಳೇ ರೂಪದರ್ಶಿ ಕಾಣಿಸಿಕೊಂಡಿದ್ದಳು. ಅಂಥ ಜಾಗಕ್ಕೆ ಛಾಯಾಗ್ರಾಹಕರಿಂದಲೇ ಚಿತ್ರ ತೆಗೆಸುವುದು ಒಳ್ಳೆಯದು.

ಶ್ರೀಧರ: ಮುಖಚಿತ್ರದ ಬಗ್ಗೆ ಶಾರದಾ ಅವರ ಮಾತನ್ನು ಒಪ್ಪುತ್ತೇನೆ. ಒಳಪುಟಗಳಿಗೆ ಮಾತ್ರ ಚಂದಾವನ್ನು ಬಿಡಲಾರೆ. ಆದರೆ ಅಂತಿಮ ಕಡತದ ಜೊತೆ ಪ್ರತಿ ಚಿತ್ರದ ಸಂಖ್ಯೆ, ಪರವಾನಗಿಯ ಪ್ರತಿ ಮತ್ತು ಮಾಡಬಾರದ ಬಳಕೆಗಳ ಟಿಪ್ಪಣಿಯನ್ನು ಕೊಡುವುದು ವಿನ್ಯಾಸಕರ ಕರ್ತವ್ಯವೆನ್ನುತ್ತೇನೆ.

ಮಾಲತಿ: ಆ ಟಿಪ್ಪಣಿಗೆ ಗ್ರಾಹಕರ ಸಹಿಯನ್ನೂ ಪಡೆಯುವುದಾದರೆ, ಒಳಪುಟಗಳ ಮಟ್ಟಿಗೆ ನನ್ನ ಆಕ್ಷೇಪವಿಲ್ಲ.