ನೀಹಾರಿಕೆಯ ರೋಹಿತದಲ್ಲಿ ಹಸಿರು ಚುಕ್ಕೆ ಮಾತ್ರ. ನಕ್ಷತ್ರ ಎಲ್ಲಿ?

ಕುಷ್ಟಗಿ ಮೇಷ್ಟ್ರು:
ನಮಸ್ಕಾರ. ಕುಷ್ಟಗಿ ಹತ್ತಿರದ ನಮ್ಮ ಹೊಲದಿಂದ ಎನ್‌ಜಿಸಿ 6572 ಗ್ರಹೀಯ ನೀಹಾರಿಕೆಯ (ಮುದಿ ನಕ್ಷತ್ರ ತನ್ನ ಸುತ್ತ ಕಳಚಿಬಿಟ್ಟ ಅನಿಲದ ಮೋಡ) ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಚಿತ್ರ ತೆಗೆದಿದ್ದೇನೆ. 8 ಇಂಚಿನ ಟೆಲಿಸ್ಕೋಪ್, ಕ್ಯಾಮೆರಾ ಮುಂದೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಮಿಲಿಮೀಟರಿಗೆ 100 ಗೆರೆಯ ಗ್ರೇಟಿಂಗ್. ಅಭಿಜಿತ್ ನಕ್ಷತ್ರಕ್ಕೆ ಹಿಡಿದರೆ ಕಾಮನಬಿಲ್ಲಿನ ಪಟ್ಟಿ ಬರುತ್ತದೆ, ಹೈಡ್ರೋಜನ್‌ನ ಕಪ್ಪು ಗೆರೆಗಳೂ ಕಾಣುತ್ತವೆ. ಇದಕ್ಕೆ ಹಿಡಿದರೆ ಒಂದು ದಪ್ಪ ಹಸಿರು ಚುಕ್ಕೆ, ದೂರದಲ್ಲಿ ಮಂಕು ಕೆಂಪು ಚುಕ್ಕೆ. ನಡುವೆ ಕೂದಲೆಳೆಯಂಥ ಗೆರೆ. ಅದು ಒಳಗಿನ ನಕ್ಷತ್ರದ್ದಾ? ಅದರ ಬಿಸಿ ಅಳೆಯಬಹುದಾ? ಹತ್ತನೇ ತರಗತಿ ಮಕ್ಕಳು ಬಿಡ್ತಾ ಇಲ್ಲ.

ಸಂಡೂರು ಗುಡ್ಡ:
ಮೇಷ್ಟ್ರೇ, ಚಿತ್ರ ಸರಿಯಾಗೇ ಬಂದಿದೆ. 1864ರಲ್ಲಿ ಖಗೋಳಜ್ಞ ವಿಲಿಯಂ ಹಗಿನ್ಸ್ ಇಂಥದ್ದೇ ನೀಹಾರಿಕೆ ಎನ್‌ಜಿಸಿ 6543 ನೋಡಿದಾಗಲೂ ಪಟ್ಟಿ ಸಿಗಲಿಲ್ಲ, ಹೊಳೆಯುವ ಗೆರೆ ಸಿಕ್ಕಿತು. ಅಂದರೆ ಅದು ಅನಿಲ.

ನಿಮ್ಮ ಹಸಿರು ಚುಕ್ಕೆ 495.9 ಮತ್ತು 500.7 ನ್ಯಾನೋಮೀಟರ್ ತರಂಗಾಂತರದ ಎರಡು ಗೆರೆ ಅಂಟಿಕೊಂಡದ್ದು. ನಿಮ್ಮ ಗ್ರೇಟಿಂಗ್‌ಗೆ ಬಿಡಿಸೋದು ಕಷ್ಟ. ಇವನ್ನು ಬಹಳ ದಿನ 'ನೆಬ್ಯುಲಿಯಂ' ಎಂಬ ಹೊಸ ಧಾತುವಿನದು ಅಂದುಕೊಂಡಿದ್ದರು. 1927ರಲ್ಲಿ ಐರಾ ಬೋವೆನ್ ಗುಟ್ಟು ಬಿಡಿಸಿದರು: ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ! ಅಲ್ಲಿ ಅನಿಲ ಎಷ್ಟು ವಿರಳ ಅಂದರೆ, ಇನ್ನೊಂದು ಕಣ ಬಂದು ಡಿಕ್ಕಿ ಹೊಡೆಯುವ ಮೊದಲೇ ಈ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ನಿಧಾನವಾಗಿ ಬೆಳಕು ಬಿಟ್ಟಿರುತ್ತದೆ. ಕೆಂಪು ಚುಕ್ಕೆ ಹೈಡ್ರೋಜನ್‌ನ 656.3 ನ್ಯಾನೋಮೀಟರ್ ಗೆರೆ. ಕ್ಯಾಮೆರಾ ಒಳಗಿನ ಫಿಲ್ಟರ್ ಅದನ್ನು ಜಾಸ್ತಿ ತಿಂದುಬಿಡುತ್ತದೆ.

ಬಿಸಿ ವಿಷಯ. ಆ ನಕ್ಷತ್ರದ ಬೆಳಕಿನ ಬಹುಪಾಲು ನೇರಳಾತೀತ, ನಿಮ್ಮ ಕ್ಯಾಮೆರಾಗೆ ಸಿಗೋದಿಲ್ಲ. ಆದರೆ ಆಮ್ಲಜನಕದಿಂದ ಎರಡನೇ ಎಲೆಕ್ಟ್ರಾನ್ ಕೀಳಲು 35 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಹಸಿರು ಚುಕ್ಕೆ ಇದೆ ಅಂದರೆ ಒಳಗೆ ಸೂರ್ಯನಿಗಿಂತ ತುಂಬಾ ಬಿಸಿಯ ನಕ್ಷತ್ರ ಇದೆ ಅಂತಾನೇ ಅರ್ಥ. ಅನಿಲ ಎಷ್ಟು ನೇರಳಾತೀತ ನುಂಗಿತು ಅನ್ನೋದನ್ನು ಹೈಡ್ರೋಜನ್ ಗೆರೆಯಿಂದ ಲೆಕ್ಕ ಹಾಕಿ, ನಕ್ಷತ್ರದ ಹೊಳಪಿಗೆ ಹೋಲಿಸಿದರೆ ಬಿಸಿ ಸಿಗುತ್ತದೆ. ಇದು ಝಾನ್‌ಸ್ಟ್ರಾ ವಿಧಾನ. ಮಕ್ಕಳಿಗೆ ಇದನ್ನೇ ಹೇಳಿ, ಖುಷಿಪಡುತ್ತಾರೆ.

ಶಕ್ತಿನಗರ:
ಸಂಡೂರಣ್ಣ ಹೇಳಿದ್ದು ಸರಿ, ಆದರೆ ಕೂದಲೆಳೆ ಗೆರೆಯ ಪ್ರಶ್ನೆ ಬಿಟ್ಟುಬಿಟ್ಟಿದ್ದೀರಿ. ಪೂರ್ತಿ ನಕ್ಷತ್ರದ್ದು ಅನ್ನಬೇಡಿ ಮೇಷ್ಟ್ರೇ. ನೀಹಾರಿಕೆಯ ಅನಿಲವೂ ಮಂಕಾದ ಪಟ್ಟಿ ಕೊಡುತ್ತದೆ, ಎರಡೂ ಸೇರಿರುತ್ತವೆ. ಚಳಿಗಾಲದಲ್ಲಿ ಮಿಥುನದ ಎನ್‌ಜಿಸಿ 2392ಕ್ಕೆ ಹಿಡಿಯಿರಿ. ಅದರ ನಡುವಿನ ನಕ್ಷತ್ರದ ಕಾಂತಿಮಾನ (ಹೊಳಪಿನ ಅಳತೆ) ಸುಮಾರು 10.5, ಕೂದಲೆಳೆ ಗೆರೆ ಎದ್ದು ಕಾಣಬೇಕು. 468.6 ನ್ಯಾನೋಮೀಟರ್‌ನ ಹೀಲಿಯಂ ಗೆರೆಯನ್ನೂ ಹುಡುಕಿ. ತಮಾಷೆ ಏನಂದರೆ, ನಕ್ಷತ್ರದ ಬಿಸಿ ಸುಮಾರು 43,000 ಕೆಲ್ವಿನ್, ಆ ಹೀಲಿಯಂ ಗೆರೆ ಹೊಳೆಯಲು ಅದು ಸಾಲದು. ಪಕ್ಕದಲ್ಲಿ ಇನ್ನೂ ಬಿಸಿಯ ಜೊತೆ ನಕ್ಷತ್ರ ಇರಬೇಕು ಅನ್ನುತ್ತಾರೆ.

ಕುಷ್ಟಗಿ ಮೇಷ್ಟ್ರು:
ಇಬ್ಬರಿಗೂ ಧನ್ಯವಾದ. ಕೂದಲೆಳೆಯ ಮೇಲೆ ಹೋಗಲ್ಲ, ಮಿಥುನ ಬರಲಿ. ಅಷ್ಟರೊಳಗೆ ಗ್ರೇಟಿಂಗ್ ಅನ್ನು ಕ್ಯಾಮೆರಾದಿಂದ ಸ್ವಲ್ಪ ದೂರ ಸರಿಸಿ ಹಸಿರು ಚುಕ್ಕೆ ಎರಡಾಗುತ್ತದಾ ನೋಡುತ್ತೇನೆ.