ಹಳೆಯ ಮೊಬೈಲ್ ಸಂಖ್ಯೆ ರದ್ದಾಗಿದೆ, ಅಮ್ಮನ ಸಂಗೀತ ಖಾತೆಗೆ ಲಾಗಿನ್ ಆಗಲು ಆಗುತ್ತಿಲ್ಲ

ಮಲೆನಾಡಿಗ:

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರು ಕೆಲವು ವರ್ಷಗಳಿಂದ ಒಂದು ಸಂಗೀತ ಸ್ಟ್ರೀಮಿಂಗ್ ಆ್ಯಪ್ ಬಳಸುತ್ತಿದ್ದಾರೆ. ದಾಸರ ಪದ, ಗಮಕ ವಾಚನ, ಹಳೆಯ ಭಾವಗೀತೆ ಎಂದು ತಾವೇ ಹುಡುಕಿ, ಬೆಳಗಿನ ಪೂಜೆಯ ಹೊತ್ತಿಗೊಂದು, ಸಂಜೆಯ ಅಡುಗೆಯ ಹೊತ್ತಿಗೊಂದು ಪ್ಲೇಲಿಸ್ಟ್ ಮಾಡಿಟ್ಟುಕೊಂಡಿದ್ದಾರೆ. ಈಚೆಗೆ ಅವರ ಫೋನ್ ಕೆಟ್ಟು, ರಿಪೇರಿಯವರು ಫ್ಯಾಕ್ಟರಿ ರಿಸೆಟ್ ಮಾಡಿ ಕೊಟ್ಟರು. ಖಾತೆ ತೆರೆದಿದ್ದುದು ಅವರ ಹಳೆಯ ಮೊಬೈಲ್ ಸಂಖ್ಯೆಯಿಂದ. ಆ ಸಿಮ್ ಎರಡನೆಯ ಸ್ಲಾಟಿನಲ್ಲಿದ್ದು, ಬಹಳ ಕಾಲ ರೀಚಾರ್ಜ್ ಇಲ್ಲದೆ ರದ್ದಾಗಿದೆ. ಲಾಗಿನ್ ಆಗಲು ಹೋದರೆ ಒಟಿಪಿ ಆ ಸಂಖ್ಯೆಗೇ ಹೋಗುತ್ತದೆ.

ಈಗಿನ ಸಂಖ್ಯೆ ಕೊಟ್ಟು ನೋಡಿದೆವು. ಲಾಗಿನ್ ಏನೋ ಆಯಿತು, ಆದರೆ ಒಳಗೆ ಒಂದೂ ಹಾಡಿಲ್ಲ, ಪ್ರೀಮಿಯಂ ಕೂಡ ಇಲ್ಲ. ನನ್ನ ಯುಪಿಐನಿಂದ ಮಾತ್ರ ಪ್ರತಿ ತಿಂಗಳೂ ಹಣ ಕಡಿತವಾಗುತ್ತಲೇ ಇದೆ. ಹಾಲ್‌ನಲ್ಲಿರುವ ಟಿವಿಯಲ್ಲಿ ಹಳೆಯ ಖಾತೆ ಇನ್ನೂ ತೆರೆದುಕೊಳ್ಳುತ್ತಿದೆ. ಅದನ್ನು ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಮಾಡಿದರೆ ಸರಿಹೋಗಬಹುದೇ? ತಿಳಿದವರು ದಯವಿಟ್ಟು ತಿಳಿಸಿ.

ತಂಬೂರಿ:

ಮಲೆನಾಡಿಗ ಅವರೇ, ಮೊದಲು ಒಂದು ಕೋರಿಕೆ: ಟಿವಿಯಲ್ಲಿ ಲಾಗ್‌ಔಟ್ ಒತ್ತಬೇಡಿ, ಆ್ಯಪನ್ನು ಅಲ್ಲಿಂದ ತೆಗೆಯಲೂ ಬೇಡಿ. ಸದ್ಯ ಹಳೆಯ ಖಾತೆಯೊಳಗೆ ತೆರೆದಿರುವ ಬಾಗಿಲು ಅದೊಂದೇ.

ಹಾಡುಗಳು ಎಲ್ಲಿಯೂ ಹೋಗಿಲ್ಲ. ಈಗಿನ ಸಂಖ್ಯೆ ಕೊಟ್ಟಾಗ ಆ್ಯಪ್ ಅದನ್ನು ಹೊಸ ಗ್ರಾಹಕರೆಂದು ತಿಳಿದು ಇನ್ನೊಂದು ಖಾತೆಯನ್ನು ತೆರೆದಿದೆ. ಇಂಥ ಸೇವೆಗಳಲ್ಲಿ ಖಾತೆಯನ್ನು ಗುರುತಿಸುವುದು ವ್ಯಕ್ತಿಯ ಹೆಸರಿನಿಂದಲ್ಲ, ನೋಂದಾಯಿಸುವಾಗ ಕೊಟ್ಟ ಮೊಬೈಲ್ ಸಂಖ್ಯೆ, ಇಮೇಲ್, ಗೂಗಲ್, ಫೇಸ್‌ಬುಕ್ ಅಥವಾ ಆ್ಯಪಲ್ ಗುರುತಿನಿಂದ. ಆದ್ದರಿಂದ ಒಟಿಪಿಗಾಗಿ ಮತ್ತೆ ಮತ್ತೆ ಪ್ರಯತ್ನಿಸುವ ಮುನ್ನ, ಹಳೆಯ ಖಾತೆಗೆ ಮೊಬೈಲ್ ಸಂಖ್ಯೆಯ ಜೊತೆಗೆ ಬೇರೆ ಯಾವ ಗುರುತು ಸೇರಿದೆ ಎಂಬುದನ್ನು ಪತ್ತೆಹಚ್ಚಬೇಕು. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸ ಇಲ್ಲಿಯೇ ಮುಗಿಯುತ್ತದೆ.

ಪತ್ತೆಹಚ್ಚಲು ಎಲ್ಲಕ್ಕಿಂತ ಒಳ್ಳೆಯ ದಾರಿ ರಸೀದಿ. ಹಣ ಕಡಿತವಾಗುತ್ತಿದೆ ಎಂದರೆ ಪ್ರತಿ ತಿಂಗಳೂ ಯಾವುದೋ ಒಂದು ಇಮೇಲ್ ವಿಳಾಸಕ್ಕೆ ರಸೀದಿ ಹೋಗುತ್ತಿರುವ ಸಾಧ್ಯತೆ ಹೆಚ್ಚು. ತಾಯಿಯವರ ಇಮೇಲ್ ಮಾತ್ರವಲ್ಲ, ಮನೆಯಲ್ಲಿ ಅವರಿಗೆ ಫೋನ್ ಹೊಂದಿಸಿಕೊಟ್ಟವರೆಲ್ಲರ ಇಮೇಲ್‌ನಲ್ಲಿಯೂ ಆ ಸೇವೆಯ ಹೆಸರನ್ನು ಹುಡುಕಿ. ಜಿಮೇಲ್‌ನ ಸಾಮಾನ್ಯ ಹುಡುಕಾಟದಲ್ಲಿ ಸ್ಪ್ಯಾಮ್ ಮತ್ತು ಟ್ರ್ಯಾಶ್‌ನಲ್ಲಿರುವ ಪತ್ರಗಳು ಕಾಣುವುದಿಲ್ಲವಾದ್ದರಿಂದ ಆ ಎರಡನ್ನೂ ಬೇರೆಯಾಗಿಯೇ ತೆರೆದು ನೋಡಬೇಕು. ಐಫೋನ್‌ನಲ್ಲಿ ಆ್ಯಪಲ್ ಗುರುತಿನಿಂದ ನೋಂದಾಯಿಸಿ, ಆಗ ಇಮೇಲ್ ಮರೆಮಾಡುವ ಆಯ್ಕೆಯನ್ನು ಒತ್ತಿದ್ದರೆ, ಸೇವೆಯ ಬಳಿ ನಿಮ್ಮ ನಿಜವಾದ ವಿಳಾಸ ಇರುವುದಿಲ್ಲ. ಆ್ಯಪಲ್ ಸೃಷ್ಟಿಸಿಕೊಟ್ಟ ಮಧ್ಯವರ್ತಿ ವಿಳಾಸ ಇರುತ್ತದೆ. ಐಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರನ್ನು ಒತ್ತಿ, ಆ್ಯಪಲ್ ಮೂಲಕ ಲಾಗಿನ್ ಆದ ಆ್ಯಪ್‌ಗಳ ಪಟ್ಟಿಯನ್ನು ತೆರೆದರೆ ಅದು ಕಾಣುತ್ತದೆ.

ಇಮೇಲ್ ಸಿಕ್ಕಿದರೆ ಪಾಸ್‌ವರ್ಡ್ ಮರೆತಿರುವ ಆಯ್ಕೆಯಿಂದ ಆ ವಿಳಾಸಕ್ಕೆ ಲಿಂಕ್ ತರಿಸಿಕೊಳ್ಳಿ. ಒಮ್ಮೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಕಾಯಿರಿ. ಅವಸರದಲ್ಲಿ ಹಲವು ಸಲ ಕೇಳಿದರೆ ಸಾಮಾನ್ಯವಾಗಿ ಕೊನೆಯದು ಮಾತ್ರ ಕೆಲಸ ಮಾಡುತ್ತದೆ, ಮೊದಲು ಬಂದದ್ದನ್ನು ಒತ್ತಿದರೆ ಅವಧಿ ಮುಗಿದಿದೆ ಎಂಬ ಉತ್ತರ ಬರುತ್ತದೆ. ಬಂದ ಲಿಂಕನ್ನು ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಇಲ್ಲದಿದ್ದರೆ ಬ್ರೌಸರ್‌ನಲ್ಲಿ ಈಗಾಗಲೇ ತೆರೆದಿರುವ ಹೊಸ ಖಾತೆಯೇ ಮತ್ತೆ ಎದುರಾಗಿ, ಪಾಸ್‌ವರ್ಡ್ ಯಾವ ಖಾತೆಯದು ಬದಲಾಯಿತು ಎಂಬುದೇ ತಿಳಿಯದಂತಾಗುತ್ತದೆ.

ಸಂಖ್ಯೆಯ ವಿಚಾರ ಪ್ರತ್ಯೇಕ. ನಮ್ಮ ದೇಶದಲ್ಲಿ ರದ್ದಾದ ಮೊಬೈಲ್ ಸಂಖ್ಯೆಯನ್ನು ಕನಿಷ್ಠ 90 ದಿನಗಳವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟ್‌ಗೆ ತಿಳಿಸಿದೆ. ಆ ಅವಧಿ ಮುಗಿದಿಲ್ಲವಾದರೆ, ಸಿಮ್ ಯಾರ ಹೆಸರಿನಲ್ಲಿತ್ತೋ ಅವರೇ ಗುರುತಿನ ಚೀಟಿಯೊಂದಿಗೆ ಕಂಪನಿಯ ಮಳಿಗೆಗೆ ಹೋಗಿ ಅದೇ ಸಂಖ್ಯೆಯನ್ನು ಮರಳಿ ಕೇಳುವುದು ಒಳ್ಳೆಯದು. ಬದಲಿ ಸಿಮ್ ಚಾಲೂ ಆದ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಸಿಮ್ ಬದಲಿಸಿ ಮಾಡುವ ವಂಚನೆಯನ್ನು ತಡೆಯಲು ದೂರಸಂಪರ್ಕ ಇಲಾಖೆ ಮಾಡಿರುವ ನಿಯಮವದು. ಆ ಹೊತ್ತಿನಲ್ಲಿ ಒಟಿಪಿ ಬರಲಿಲ್ಲವೆಂದು ಗಾಬರಿಪಡುವುದು ಬೇಡ.

90 ದಿನ ದಾಟಿದ್ದರೆ ಆ ಸಂಖ್ಯೆ ಅಪರಿಚಿತರೊಬ್ಬರ ಬಳಿ ಇರಬಹುದು. ಅವರಿಗೆ ಕರೆ ಮಾಡಿ ಒಟಿಪಿ ಕೇಳಬೇಡಿ. ಒಟಿಪಿಯನ್ನು ಯಾರಿಗೂ ಹೇಳಬಾರದು ಎಂದು ನಾವೇ ಹಿರಿಯರಿಗೆ ಹೇಳಿಕೊಡುತ್ತಿರುವಾಗ, ಇನ್ನೊಬ್ಬರನ್ನು ಅದಕ್ಕೆ ಒಡ್ಡುವುದು ನ್ಯಾಯವಲ್ಲ.

ಹೊರನಾಡ ಕನ್ನಡತಿ:

ಮಧ್ಯದಲ್ಲಿ ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ನಾನು ಓದಿಗಾಗಿ ಜರ್ಮನಿಗೆ ಬಂದಿದ್ದೇನೆ. ಊರಿನಲ್ಲಿ ತೆರೆದ ಸ್ಪಾಟಿಫೈ ಉಚಿತ ಖಾತೆ ಇಲ್ಲಿ ಕೆಲವು ದಿನ ಸರಿಯಾಗಿಯೇ ನಡೆದು, ಈಗ ದೇಶ ಹೊಂದುತ್ತಿಲ್ಲ ಎನ್ನುತ್ತಿದೆ. ಪಾಸ್‌ವರ್ಡ್ ಬದಲಿಸಿದರೂ ಫಲವಿಲ್ಲ.

ತಂಬೂರಿ:

ನಿಮ್ಮದು ಪಾಸ್‌ವರ್ಡ್‌ನ ತೊಂದರೆಯಲ್ಲ ತಂಗಿ. ಸ್ಪಾಟಿಫೈನ ಉಚಿತ ಖಾತೆಯನ್ನು ನೋಂದಾಯಿತ ದೇಶದ ಹೊರಗೆ 14 ದಿನ ಮಾತ್ರ ಬಳಸಬಹುದು. ಪ್ರೀಮಿಯಂಗೆ ಆ ಮಿತಿ ಇಲ್ಲ. ಆ್ಯಪ್ ಬಿಟ್ಟು, ಬ್ರೌಸರ್‌ನಲ್ಲಿ ಅವರ ಜಾಲತಾಣದ ಖಾತೆಯ ಪುಟಕ್ಕೆ ಲಾಗಿನ್ ಆಗಿ, ಪ್ರೊಫೈಲ್ ತಿದ್ದುವಲ್ಲಿ ದೇಶವನ್ನು ಜರ್ಮನಿಗೆ ಬದಲಿಸಿ ಉಳಿಸಿ. ವಿಪಿಎನ್ (ನೀವಿರುವ ದೇಶವನ್ನು ಮರೆಮಾಡುವ ಆ್ಯಪ್) ಇದ್ದರೆ ಆ ಹೊತ್ತಿಗೆ ಆಫ್ ಮಾಡಿಡಿ, ಇಲ್ಲವಾದರೆ ಪಟ್ಟಿಯಲ್ಲಿ ಜರ್ಮನಿ ಕಾಣಿಸಲಿಕ್ಕಿಲ್ಲ.

ಮಲೆನಾಡಿಗ:

ತಂಬೂರಿಯವರೇ, ಬಹಳ ಉಪಕಾರವಾಯಿತು. ಸಂಖ್ಯೆ ರದ್ದಾಗಿ 90 ದಿನಗಳಿಗಿಂತ ಹೆಚ್ಚೇ ಆಗಿದೆಯೆಂದು ಮಳಿಗೆಯವರು ಹೇಳಿದರು. ಅಮ್ಮನ ಇಮೇಲ್‌ನಲ್ಲಿಯೂ ನನ್ನದರಲ್ಲಿಯೂ ರಸೀದಿ ಸಿಗಲಿಲ್ಲ. ತಂಗಿಯ ಜಿಮೇಲ್ ಇನ್ನೂ ನೋಡಬೇಕು. ಅಲ್ಲಿಯೂ ಸಿಗದಿದ್ದರೆ ಸೇವೆಯವರ ಗ್ರಾಹಕ ಸಹಾಯಕ್ಕೆ ಬರೆಯಬೇಕಾಗುತ್ತದೆ. ಖಾತೆ ನಮ್ಮದೇ ಎಂದು ಅವರಿಗೆ ಏನನ್ನು ತೋರಿಸಬೇಕು? ಸದ್ಯಕ್ಕೆ ಆಟೋಪೇ ನಿಲ್ಲಿಸಿಬಿಡಲೇ?

ತಂಬೂರಿ:

ಆಟೋಪೇ ನಿಲ್ಲಿಸಿದರೆ ಪ್ರೀಮಿಯಂ ನಿಲ್ಲುತ್ತದೆಯೇ ಹೊರತು ಖಾತೆಯಾಗಲಿ ಪ್ಲೇಲಿಸ್ಟ್‌ಗಳಾಗಲಿ ಅಳಿಯುವುದಿಲ್ಲ. ಆದರೂ ನಿಲ್ಲಿಸುವ ಮೊದಲು ವಿವರಗಳನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ನಿಮ್ಮ ಕೈಯಲ್ಲಿರುವ ಗಟ್ಟಿ ಪುರಾವೆ ಅದೇ. ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿ ಆ ಸೇವೆಯ ಹೆಸರನ್ನು ಒತ್ತಿದರೆ ಮ್ಯಾಂಡೇಟ್‌ನ, ಅಂದರೆ ಪ್ರತಿ ತಿಂಗಳ ಕಡಿತಕ್ಕೆ ನೀವು ಕೊಟ್ಟ ಅನುಮತಿಯ, ಸಂಖ್ಯೆ ಮತ್ತು ಅದು ಆರಂಭವಾದ ದಿನಾಂಕ ಕಾಣುತ್ತವೆ. ವಹಿವಾಟಿನ ಇತಿಹಾಸದಲ್ಲಿ ಪ್ರತಿ ಕಡಿತಕ್ಕೂ 12 ಅಂಕಿಗಳ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ. ಈಚಿನ ಒಂದೆರಡು ಕಡಿತಗಳ ದಿನಾಂಕ, ಮೊತ್ತ, ಉಲ್ಲೇಖ ಸಂಖ್ಯೆ, ಹಳೆಯ ಮೊಬೈಲ್ ಸಂಖ್ಯೆ, ಟಿವಿಯಲ್ಲಿ ಕಾಣುವ ಪ್ರೊಫೈಲ್ ಹೆಸರು, ಒಂದೆರಡು ಪ್ಲೇಲಿಸ್ಟ್‌ಗಳ ಹೆಸರು, ಇವಿಷ್ಟನ್ನೂ ಮೊದಲ ಪತ್ರದಲ್ಲಿಯೇ ಬರೆಯಿರಿ. ಸಂಖ್ಯೆ ಈಗ ನಿಮ್ಮ ಬಳಿ ಇಲ್ಲವೆಂಬುದನ್ನು ಮೊದಲ ಸಾಲಿನಲ್ಲಿಯೇ ಹೇಳಿ, ಇಲ್ಲದಿದ್ದರೆ ಒಟಿಪಿ ಹಾಕಿ ನೋಡಿ ಎಂಬ ಸಿದ್ಧ ಉತ್ತರ ಬಂದು ಸಮಯ ಹೋಗುತ್ತದೆ. ಯುಪಿಐ ಪಿನ್ ಅಥವಾ ಕಾರ್ಡಿನ ಪೂರ್ಣ ಸಂಖ್ಯೆಯನ್ನು ಯಾವ ಕಾರಣಕ್ಕೂ ಬರೆಯಬೇಡಿ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಸಹಾಯದ ಪುಟವನ್ನು ಆ್ಯಪ್‌ನೊಳಗಿನಿಂದ ಅಥವಾ ಸೇವೆಯ ಜಾಲತಾಣದಿಂದಲೇ ತೆರೆಯಿರಿ. ಗೂಗಲ್‌ನಲ್ಲಿ ಗ್ರಾಹಕ ಸೇವೆಯ ಫೋನ್ ನಂಬರ್ ಎಂದು ಹುಡುಕಿದರೆ ವಂಚಕರು ಹಾಕಿಟ್ಟ ನಂಬರ್‌ಗಳು ಸಿಗುತ್ತವೆ. ಸ್ಪಾಟಿಫೈನಂಥ ದೊಡ್ಡ ಸೇವೆಯೂ ಫೋನ್ ಮೂಲಕ ಗ್ರಾಹಕರಿಗೆ ಸಹಾಯ ಕೊಡುವುದಿಲ್ಲ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಕರೆಯನ್ನು ಅಲ್ಲಿಯೇ ಕಡಿಯಿರಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಲೆನಾಡಿಗ:

ಸಿಕ್ಕಿತು! ರಸೀದಿಗಳೆಲ್ಲ ತಂಗಿಯ ಜಿಮೇಲ್‌ನ ಸ್ಪ್ಯಾಮ್‌ನಲ್ಲಿದ್ದವು. ಖಾತೆ ತೆರೆದುಕೊಟ್ಟಾಗ ಅವಳು ತನ್ನ ಇಮೇಲ್ ಕೊಟ್ಟಿದ್ದಳಂತೆ. ನೀವು ಹೇಳಿದಂತೆಯೇ ಇನ್‌ಕಾಗ್ನಿಟೋದಲ್ಲಿ ಲಿಂಕ್ ತೆರೆದು ಹೊಸ ಪಾಸ್‌ವರ್ಡ್ ಇಟ್ಟೆವು. ಎಲ್ಲ ಪ್ಲೇಲಿಸ್ಟ್‌ಗಳೂ ಇವೆ, ಅಮ್ಮನಿಗೆ ಆದ ಸಂತೋಷ ಹೇಳತೀರದು. ಇನ್ನು ಮಾಡಬೇಕಾದುದೇನಾದರೂ ಉಳಿದಿದೆಯೇ?

ತಂಬೂರಿ:

ಓದಿ ಬಹಳ ಸಂತೋಷವಾಯಿತು. ಇವತ್ತೇ ಮುಗಿಸಬೇಕಾದ ಕೆಲಸವೊಂದಿದೆ: ಖಾತೆಯಿಂದ ಹಳೆಯ ಮೊಬೈಲ್ ಸಂಖ್ಯೆಯನ್ನು ತೆಗೆಯುವುದು. ಆ ಸಂಖ್ಯೆ ಈಗ ಯಾರ ಬಳಿ ಇದೆಯೋ ಅವರಿಗೆ ಒಟಿಪಿ ಹೋಗುತ್ತದೆ, ಅಂದರೆ ಅವರು ಬಯಸಿದರೆ ನಿಮ್ಮ ತಾಯಿಯವರ ಖಾತೆಯೊಳಗೆ ಬರಬಹುದು. ಈಗಿನ ಸಂಖ್ಯೆ ಹೊಸ ಖಾತೆಗೆ ಅಂಟಿಕೊಂಡಿರುವುದರಿಂದ ಅದನ್ನು ಹಳೆಯ ಖಾತೆಗೆ ಸೇರಿಸಲು ತಕ್ಷಣ ಆಗಲಿಕ್ಕಿಲ್ಲ. ಸದ್ಯಕ್ಕೆ ಇಮೇಲ್ ಮಾತ್ರ ಸಾಕು, ಆದರೆ ಅದನ್ನು ತಂಗಿಯವರ ವಿಳಾಸದಿಂದ ತಾಯಿಯವರ ವಿಳಾಸಕ್ಕೆ ಬದಲಿಸಿ. ಆಮೇಲೆ ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡುವ ಆಯ್ಕೆಯನ್ನು ಒತ್ತಿ, ಹೊಸ ಪಾಸ್‌ವರ್ಡ್‌ನಿಂದ ಫೋನ್ ಮತ್ತು ಟಿವಿಯಲ್ಲಿ ಲಾಗಿನ್ ಆಗಿ. ಟಿವಿ ಈಗ ಲಾಗ್‌ಔಟ್ ಆದರೂ ಭಯವಿಲ್ಲ.

ಹೊಸ ಖಾತೆಯನ್ನು ಮುಚ್ಚುವುದಿದ್ದರೆ ಕೊನೆಯಲ್ಲಿ ಮುಚ್ಚಿ. ಮುಚ್ಚುವ ಗುಂಡಿ ಒತ್ತುವ ಮುನ್ನ ಆ ಪುಟದಲ್ಲಿ ಯಾವ ಖಾತೆಯ ಮೊಬೈಲ್ ಸಂಖ್ಯೆ ಅಥವಾ ಇಮೇಲ್ ಕಾಣುತ್ತಿದೆ ಎಂದು ನಿಧಾನವಾಗಿ ಓದಿ. ಆಟೋಪೇ ಹಳೆಯ ಖಾತೆಗೇ ಸೇರಿರುವುದರಿಂದ ಅದನ್ನು ಮುಟ್ಟಬೇಕಾಗಿಲ್ಲ.