ಒಂದು ದಿಬ್ಬದಲ್ಲಿ ಬಳಚು ರಾಶಿ, ನೂರು ಹೆಜ್ಜೆ ಆಚೆ ಖಾಲಿ ಚಿಪ್ಪು. ಯಾಕೆ?

ಪ್ರಶ್ನೆ: ನಾವು ಕುಮಟಾ ಕಡೆಯವರು. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸಲು ಹೋಗುತ್ತೇವೆ. ಒಂದು ದಿಬ್ಬದಲ್ಲಿ ಬೇಗ ಬುಟ್ಟಿ ತುಂಬುತ್ತದೆ. ನೂರು ಹೆಜ್ಜೆ ಆಚೆ ಕಾಲು ಹೂತುಹೋಗುತ್ತದೆ, ಸಿಗುವುದು ಖಾಲಿ ಚಿಪ್ಪು. ನೀರು ಅದೇ ಅಲ್ವಾ?

ಉತ್ತರ (ಕಡಲಜೀವಿ ಸಂಶೋಧಕ): ಕಾಲು ಹೂತುಹೋಗುತ್ತದೆ ಅಂದಿರಲ್ಲ, ಗುಟ್ಟು ಅಲ್ಲೇ ಇದೆ. ಬಳಚು ಮಣ್ಣಿನೊಳಗೆ ಕೂತು, ಗಿಡ್ಡ ಕೊಳವೆಯೊಂದನ್ನು ಮೇಲಕ್ಕೆ ಚಾಚಿ ನೀರು ಎಳೆದುಕೊಳ್ಳುತ್ತದೆ. ಉಸಿರು, ಊಟ ಎರಡೂ ಅದರಲ್ಲೇ. ಕೊಳವೆ ಗಿಡ್ಡ, ಹಾಗಾಗಿ ಆಳಕ್ಕೆ ಇಳಿಯುವಂತಿಲ್ಲ. ಮರಳಿನ ಕಾಳುಗಳ ನಡುವೆ ಸಂದಿ ಇದ್ದರೆ ನೀರು ಆಡುತ್ತದೆ, ಗಾಳಿ ಸಿಗುತ್ತದೆ. ಜೇಡಿ ಜಾಸ್ತಿಯಾದರೆ ಸಂದಿ ಮುಚ್ಚಿ, ಕಿವಿರಿಗೆ ಕೆಸರು ಮೆತ್ತುತ್ತದೆ. ಆ ಕೆಸರನ್ನು ಒಂದು ಗೇಣು ಕೆದಕಿ ನೋಡಿ. ಕಪ್ಪಗಿದ್ದು ಕೊಳೆತ ಮೊಟ್ಟೆ ವಾಸನೆ ಬಂದರೆ ಅಲ್ಲಿ ಪ್ರಾಣವಾಯು ಇಲ್ಲ ಅಂತಲೇ ಅರ್ಥ.

ಹಾಗಂತ ದಪ್ಪ ಮರಳೂ ಒಳ್ಳೆಯದಲ್ಲ. ಇಳಿತದಲ್ಲಿ ಬೇಗ ಒಣಗುತ್ತದೆ, ಅಲೆ ಬಿದ್ದಾಗ ಜಾಗ ಬದಲಿಸುತ್ತದೆ. ಸಣ್ಣ ಮರಿಗಳು ನೂಲಿನಂಥ ಎಳೆ ಬಿಟ್ಟು ಮರಳುಕಾಳು, ಚಿಪ್ಪಿನ ಚೂರು ಹಿಡಿದುಕೊಳ್ಳುತ್ತವೆ. ನೆಲವೇ ಉರುಳಿದರೆ ಏನನ್ನು ಹಿಡಿಯಬೇಕು? ಅಳಿವೆಯಲ್ಲಿ ಮರಳು ತೆಗೆದರೆ ಹೋಗುವುದು ಬರೀ ಮರಳಲ್ಲ, ಮುಂದಿನ ವರ್ಷದ ಬಳಚೂ ಹೋಗುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡೂ ಜಾಗದ ಒಂದೊಂದು ಮುಷ್ಟಿ ಮಣ್ಣು ಬೇರೆ ಬೇರೆ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಜೇಡಿ ಗಂಟೆಗಟ್ಟಲೆ ತೇಲುತ್ತದೆ. ಬಾವಿ ನೀರನ್ನೇ ಹಾಕಿ. ಉಪ್ಪುನೀರಿನಲ್ಲಿ ಜೇಡಿ ಗಂಟುಕಟ್ಟಿ ಬೇಗ ಕೂತು ಸುಮ್ನೆ ದಾರಿ ತಪ್ಪಿಸುತ್ತದೆ.

ಪ್ರಶ್ನೆ: ನಾವು ಮಂಗಳೂರು ಕಡೆಯವರು, ಇದನ್ನು ಮರುವಾಯಿ ಅಂತೇವೆ. ಕೆಸರಲ್ಲಿ ಯಾವ ಚಿಪ್ಪೂ ಬದುಕುವುದಿಲ್ಲವೇ?

ಉತ್ತರ: ಬದುಕುತ್ತದೆ. ಮೈಮೇಲೆ ದಪ್ಪ ಗೆರೆಗಳಿರುವ ರಕ್ತಚಿಪ್ಪಿಗೆ ಮೆತ್ತನೆ ಕೆಸರೇ ಇಷ್ಟ. ಒಡೆದರೆ ಕೆಂಪು ರಕ್ತ ಕಾಣುತ್ತದೆ. ನಮ್ಮ ರಕ್ತದ ಹಾಗೆ ಅದರಲ್ಲೂ ಹಿಮೋಗ್ಲೋಬಿನ್ ಇದೆ, ಗಾಳಿ ಕಮ್ಮಿ ಇರುವಲ್ಲಿ ಅದು ನೆರವಾಗುತ್ತದೆ.

ಪ್ರಶ್ನೆ: ಕೆಸರಿನ ಮೇಲೆ ಮರಳು ಸುರಿದರೆ ಬಳಚು ಬರುತ್ತದಾ?

ಉತ್ತರ: ಜಪಾನಿನಲ್ಲಿ ಅಸಾರಿ ಎಂಬ ಚಿಪ್ಪಿಗಾಗಿ ಹಾಗೆ ಸುರಿಯುವುದುಂಟು. ಆದರೆ ನೀರು ನಿಧಾನ ಹರಿಯುವ ಕಡೆ ಕೆಸರು ಮತ್ತೆ ಬಂದು ಕೂರುತ್ತದೆ. ನಮ್ಮ ಮಳೆಗಾಲಕ್ಕೆ ಆ ಮರಳು ಎಷ್ಟು ದಿನ ತಡೆಯುತ್ತದೆ ಹೇಳಿ!

ಪ್ರಶ್ನೆ: ಹೊನ್ನಾವರದ ಶರಾವತಿ ಅಳಿವೆಯಲ್ಲಿ ಮರಳಿದೆ. ಮತ್ಯಾಕೆ ಬಳಚು ಕಮ್ಮಿ?

ಉತ್ತರ: ಅಲ್ಲಿ ಕೈಕೊಟ್ಟದ್ದು ಉಪ್ಪು. ಶರಾವತಿಯ ಅಣೆಕಟ್ಟುಗಳಲ್ಲಿ ವಿದ್ಯುತ್ ತಯಾರಾದ ಮೇಲೆ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಹರಿಯುತ್ತದೆ, ಹಾಗಾಗಿ ಅಳಿವೆಯಲ್ಲಿ ಉಪ್ಪು ಏರುವುದಿಲ್ಲ. ಸಿಹಿನೀರು ತಡೆಯುವ ಕಪ್ಪು ಚಿಪ್ಪು ಮಾತ್ರ ಅಲ್ಲಿ ಹೊಂದಿಕೊಂಡಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ನಿಮ್ಮ ಬುಟ್ಟಿ ತುಂಬುವುದಕ್ಕೆ ಅದೂ ಒಂದು ಕಾರಣ.